ನಮ್ಮ ಸಭೆ ಕಳಿಸಿದವಳು

ಜುಲೈ 12, 1994

ಪ್ರೀತಿಯ ಬಟನ್,

ನೀನು ಬಸ್ಸು ಹತ್ತಿ ಇವತ್ತಿಗೆ ಇಪ್ಪತ್ತೆರಡು ದಿನ. ತಾನು ಎಣಿಸುತ್ತಿಲ್ಲ ಎನ್ನುತ್ತಾಳೆ ನಿಮ್ಮಮ್ಮ, ಆದರೆ ಕೇಳಿದ ಕೂಡಲೇ ಲೆಕ್ಕ ಹೇಳಿದವಳು ಅವಳೇ. ಮೂರನೇ ವಯಸ್ಸಿನಲ್ಲಿ ನನ್ನ ಅಂಗಡಿಯಲ್ಲಿ ಕೋಟಿನ ಬಟನ್ ನುಂಗಿ ಮನೆಮಂದಿಯನ್ನೆಲ್ಲ ಆಸ್ಪತ್ರೆಗೆ ಓಡಿಸಿದವಳು ಈಗ ದೇವಜ್ಞಾನ ಕಾಲೇಜಿನಲ್ಲಿ ಕೂತು ಪಾದ್ರಿಯಾಗಲು ಓದುತ್ತಿದ್ದಾಳೆ ಎಂದು ನೆನೆದರೆ ಒಮ್ಮೊಮ್ಮೆ ನಗು ಬರುತ್ತದೆ. ಹೆಮ್ಮೆಯೂ ಬರುತ್ತದೆ. ಅದನ್ನು ಹೆಚ್ಚು ಬರೆಯುವುದಿಲ್ಲ, ನಿನ್ನ ತಲೆ ತಿರುಗೀತು.

ಅಂಗಡಿ ಎಂದಿನಂತೆ. ಊರಿನ ಹೊಲಿಗೆ ಯಂತ್ರಗಳು ಕೆಡುವುದನ್ನು ಬಿಟ್ಟಿಲ್ಲ, ದೇವರ ದಯೆ. ಭಾನುವಾರ ಸಭೆಗೆ ಮೂವತ್ತೊಂಬತ್ತು ಜನ ಬಂದಿದ್ದರು. ಇಪ್ಪತ್ತೇಳು ವರ್ಷದಿಂದ ಹೇಗೋ ಹಾಗೆ, ಪ್ರಾರ್ಥನೆ ನಡೆಸಿದ್ದೂ ನಾನೇ, ಪ್ರಸಂಗ ಮಾಡಿದ್ದೂ ನಾನೇ. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನ ಮಾತ್ರ ಇಲ್ಲ. ನಮ್ಮ ಆಂಗ್ಲಿಕನ್ ಸಭೆಯಲ್ಲಿ ಅದು ದೀಕ್ಷೆ ಪಡೆದ ಪಾದ್ರಿಗಳ ಕೆಲಸ, ನನ್ನಂಥ ಉಪದೇಶಿಯದಲ್ಲ. ದೊಡ್ಡ ದೇವಾಲಯದ ಪಾದ್ರಿ ಅಯ್ಯನವರು ಎರಡು ಮೂರು ತಿಂಗಳಿಗೊಮ್ಮೆ ಬಂದಾಗಲೇ ನಮಗೆ ಅದು.

ನಮ್ಮ ಸಭೆಯ ಟೈಪಿಸ್ಟಮ್ಮ ಮಾರ್ಚಿನಲ್ಲಿ ತೀರಿಹೋದದ್ದನ್ನು ಜನ ಇನ್ನೂ ಆಡಿಕೊಳ್ಳುತ್ತಾರೆ. ಬೆಳಿಗ್ಗೆಯಿಂದ ಭೋಜನ ಬೇಕೆಂದು ಕೇಳುತ್ತಿದ್ದರು. ಅಯ್ಯನವರು ಬರುವಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆ, ಆಯಮ್ಮ ಕಣ್ಣು ಮುಚ್ಚಿ ಆಗಿತ್ತು. ಆಮೇಲೆ ತಾನೇ ನಾವೆಲ್ಲ ಸೇರಿ ನಿನ್ನನ್ನು ಬಿಷಪ್ಪರ ಮುಂದೆ ನಿಲ್ಲಿಸಿದ್ದು. "ನಮ್ಮ ಹುಡುಗಿನೇ ಪಾದ್ರಿಯಾಗಿ ಬಂದ್ಬಿಟ್ರೆ ಯಾರ ದಾರೀನೂ ಕಾಯ್ಬೇಕಿಲ್ಲ," ಎಂದು ಎಲ್ಲರದೂ ಒಂದೇ ಮಾತು.

ಆ ದಿನ ನಿನ್ನನ್ನು ಹೊರಗೆ ಕೂರಿಸಿ ಬಿಷಪ್ಪರು ನನಗೊಬ್ಬನಿಗೇ ಇನ್ನೂ ಒಂದೆರಡು ಮಾತು ಹೇಳಿದರು. ಅದೆಲ್ಲ ಈಗೇಕೆ. ನೀನು ಓದು.

ನಿನ್ನ ಮಾವ

*

ಆಗಸ್ಟ್ 3, 1994

ಮಾವ,

ನನ್ನ ಕೋಣೆಯಲ್ಲಿ ಎರಡು ಮಂಚ, ಒಂದು ಕಿಟಕಿ, ಬಾಗಿಲು ಮುಚ್ಚದ ಒಂದು ಬೀರು. ಜೊತೆಗಿರುವವಳು ಹೆರಿಗೆ ವಾರ್ಡಿನಲ್ಲಿ ದಾದಿಯಾಗಿದ್ದವಳು. ಐದೂವರೆ ಗಂಟೆಗೆ ನನ್ನನ್ನು ಎಬ್ಬಿಸುವಾಗ "ಇನ್ನೊಂಚೂರು, ಇನ್ನೊಂಚೂರು, ಬಂತು ಬಂತು" ಎನ್ನುತ್ತಾಳೆ. ನಾನು ನಗುತ್ತಲೇ ಏಳುತ್ತೇನೆ.

ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಒಂಬತ್ತು ವರ್ಷ ಕೂತವಳಿಗೆ ಬೆಂಚಿನ ಮೇಲೆ ಕೂತು ಕೇಳುವುದು ಹೊಸದು. ಪ್ರಸಂಗದ ತರಗತಿಯಲ್ಲಿ ನಾನು ಗಡಿಯಾರ ನೋಡಿ ಸರಿಯಾಗಿ ಹತ್ತು ನಿಮಿಷಕ್ಕೆ ಮುಗಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಏನೂ ಹೇಳಲಿಲ್ಲ, ಹಾಗಾಗಿ ಚೆನ್ನಾಗಿಯೇ ಇದ್ದಿರಬೇಕು.

ನಾನು ಬಂದ ಮೇಲೆ ಏನೇನು ಮಾಡಬೇಕೆಂದು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಪ್ರತಿ ಭಾನುವಾರ ಭೋಜನ. ಹಾಸಿಗೆ ಹಿಡಿದವರ ಮನೆಗೆ ಬುಧವಾರ. ಬಲಗಡೆಯ ಕಿಟಕಿಗೆ ಪರದೆ, ಕೊನೇ ಸಾಲಿನವರಿಗೆ ಕಣ್ಣಿಗೆ ಬಿಸಿಲು ಹೊಡೆಯುತ್ತದೆ. ಈ ಪುಸ್ತಕ ತೆರೆದರೆ ಮನೆಯ ನೆನಪು ಕಾಡುವುದಿಲ್ಲ.

ಅಮ್ಮ ಮಾತಾಡುತ್ತಾಳೋ ಇಲ್ಲವೋ? ನಾನಿದ್ದಾಗಲೂ ದಿನಕ್ಕೆ ಹತ್ತು ಮಾತು ದಾಟುತ್ತಿರಲಿಲ್ಲ.

ನಿಮ್ಮ ಬಟನ್

*

ನವೆಂಬರ್ 20, 1994

ಪ್ರೀತಿಯ ಬಟನ್,

ನಿಮ್ಮಮ್ಮ ಮಾತಾಡುತ್ತಾಳೆ, ಆಸ್ಪತ್ರೆಯ ಲಾಂಡ್ರಿಯಲ್ಲಿರುವ ಹೊದಿಕೆಗಳ ಜೊತೆ. ನನ್ನ ಜೊತೆ ಎಂದಿನಂತೆ ಹತ್ತು.

ಒಂದು ಸುದ್ದಿ. ಬಿಷಪ್ಪರ ಸುತ್ತೋಲೆ ಬಂದಿದೆ. ಪಾದ್ರಿಗಳಿಲ್ಲದ ಚಿಕ್ಕ ಸಭೆಗಳಲ್ಲಿ ತರಬೇತಿ ಪಡೆದು ಪರವಾನಗಿ ಇರುವ ಮುಖಂಡರೊಬ್ಬರು ಇರಲೇಬೇಕಂತೆ. ಎರಡು ವರ್ಷ ಗಡುವು. ಇಲ್ಲದಿದ್ದರೆ ಆ ಸಭೆಯನ್ನು ದೊಡ್ಡ ದೇವಾಲಯಕ್ಕೆ ಸೇರಿಸಿಬಿಡುತ್ತಾರೆ. ಅಲ್ಲಿಗೆ ಎರಡು ಬಸ್ಸು. ನಮ್ಮ ಮುದುಕರು ಯಾರೂ ಹೋಗಲಾರರು. ಅದಕ್ಕಾಗಿ ಪ್ರತಿ ಶನಿವಾರ ತರಗತಿ, ಕೊನೆಗೆ ಪರೀಕ್ಷೆ.

ನೀನೇ ಹೇಳು. ನೀನು ಹುಟ್ಟಿದಾಗಿನಿಂದ ಪ್ರಸಂಗ ಮಾಡುತ್ತಿರುವವನು ಚೀಲ ನೇತುಹಾಕಿಕೊಂಡು ಶಾಲೆಗೆ ಹೋಗಬೇಕೆ? ಪಾಠ ಹೇಳುವವನನ್ನು ನೋಡಿದೆ. ನನ್ನ ದೊಡ್ಡ ಸ್ಪ್ಯಾನರಿನ ವಯಸ್ಸೂ ಆಗಿಲ್ಲ ಅವನಿಗೆ.

ಇರಲಿ. ಪರದೆಯ ವಿಷಯ ಯೋಚಿಸೋಣ, ಅವಸರವಿಲ್ಲ.

ನಿನ್ನ ಮಾವ

*

ಫೆಬ್ರವರಿ 9, 1995

ಮಾವನವರಿಗೆ,

ನಿಮ್ಮ ಪತ್ರಗಳು ತಲುಪಿದವು. ಇಲ್ಲಿ ಎಲ್ಲ ಚೆನ್ನಾಗಿದೆ. ಆಸ್ಪತ್ರೆ ಸೇವೆಯ ಆರು ವಾರ ಮುಗಿಯಿತು. ಓದು ಬಹಳ ಇರುವುದರಿಂದ ಹೆಚ್ಚು ಬರೆಯಲಾಗುತ್ತಿಲ್ಲ. ಅಮ್ಮನಿಗೆ ನಮಸ್ಕಾರ ತಿಳಿಸಿ.

*

ಫೆಬ್ರವರಿ 28, 1995

ಮಗಳೇ,

ನಿನ್ನ ಐದು ಸಾಲನ್ನು ಐದು ಸಲ ಓದಿದೆ. 'ಮಾವನವರಿಗೆ' ಎಂದು ನೀನು ಯಾವತ್ತೂ ಬರೆದವಳಲ್ಲ. ಕೆಳಗೆ ಹೆಸರೂ ಇಲ್ಲ. ನನಗೆ ಅರ್ಥವಾಯಿತು. ಯಾರೋ ನಿನಗೆ ಹೇಳಿಬಿಟ್ಟಿದ್ದಾರೆ. ಹೇಳಬೇಕಾಗಿದ್ದವನು ನಾನು.

ಹೌದು. ಆ ದಿನ ಬಿಷಪ್ಪರು ನನ್ನನ್ನು ಒಳಗೇ ನಿಲ್ಲಿಸಿಕೊಂಡು ಹೇಳಿದ್ದು ಇದನ್ನೇ. "ಇವಳು ಪಾದ್ರಿ ಆದ್ರೆ ನಿಮ್ಮ ಸಭೆಗೆ ಕೊಡಲ್ಲ. ಹುಟ್ಟಿ ಬೆಳೆದ ಸಭೆಗೆ ನಾವು ಯಾರನ್ನೂ ಹಾಕಲ್ಲ. ಬೇರೆ ಎಲ್ಲೋ, ಯಾರಿಗೂ ಬೇಡವಾದ ಕಡೆ ಹೋಗ್ಬೇಕಾಗುತ್ತೆ. ಆದ್ರೂ ಕಳಿಸ್ತೀರಾ?" ಎಂದು ಕೇಳಿದರು. ನಾನು, "ಕಳಿಸ್ತೀವಿ," ಎಂದೆ. 'ಕಳಿಸ್ತೀವಿ' ಎಂದೆನಲ್ಲ, ನಾನು ಯಾರನ್ನೂ ಕೇಳಿರಲಿಲ್ಲ. ಇವತ್ತಿಗೂ ಸಭೆಯವರಿಗೆ ಹೇಳಿಲ್ಲ. ನಿಮ್ಮಮ್ಮನಿಗೂ ಹೇಳಿಲ್ಲ.

ಹೇಳಿದರೆ ನೀನು ಹೋಗುತ್ತಿರಲಿಲ್ಲ. ನೀನು ಹೋಗಬೇಕೆಂದು ನನಗೆ ಗಟ್ಟಿಯಾಗಿ ಅನಿಸಿತ್ತು. ನನ್ನ ಬಳಿ ಇರುವ ಕಾರಣ ಇಷ್ಟೇ, ಒಳ್ಳೆಯ ಕಾರಣವಲ್ಲ.

ಬೈದಾದರೂ ಬರೆ.

ಮಾವ

*

ಮಾರ್ಚ್ 14, 1995

ಮಾವ,

ನನಗೆ ಯಾರೂ ಹೇಳಿರಲಿಲ್ಲ. ನಿಮ್ಮ ಪತ್ರ ಓದಿಯೇ ಗೊತ್ತಾದದ್ದು.

ಒಂಬತ್ತು ತಿಂಗಳಿಂದ 'ನಾನು ಬಂದ ಮೇಲೆ', 'ನಾನು ಬಂದ ಮೇಲೆ' ಎಂದು ಬರೆದೆ. ನೀವು ಓದಿ, ಮಡಚಿ, ಪರದೆಗೆ ಅವಸರವಿಲ್ಲ ಎಂದು ಉತ್ತರಿಸಿದಿರಿ. ಆ ಪುಸ್ತಕವನ್ನು ನಿನ್ನೆ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಪೆಟ್ಟಿಗೆ ಹೇಗೂ ತೆರೆದಿತ್ತು, ಬಟ್ಟೆ ತುಂಬುತ್ತಿದ್ದೆ. ಏಕೆಂದು ಈಗ ಹೇಳುತ್ತೇನೆ, ಆ ಐದು ಸಾಲಿಗೂ ಅದೇ ಕಾರಣ, ನೀವು ತಿಳಿದದ್ದಲ್ಲ.

ಆಸ್ಪತ್ರೆ ಸೇವೆಯಲ್ಲಿ ನಾನು ನಪಾಸಾದೆ.

ನನಗೆ ಮೂರನೇ ವಾರ್ಡು ಕೊಟ್ಟಿದ್ದರು. ಇಪ್ಪತ್ತು ಹಾಸಿಗೆ. ಏಳನೆಯದರಲ್ಲಿ ಒಬ್ಬ ಲಾರಿ ಚಾಲಕರು, ಅಪಘಾತದಲ್ಲಿ ಬಲಗಾಲು ಹೋಗಿದೆ. "ಹೇಗಿದ್ದೀರಿ? ನೋವು ಕಮ್ಮಿನಾ? ಮನೇಲಿ ಯಾರ್ಯಾರಿದ್ದಾರೆ? ಪ್ರಾರ್ಥನೆ ಮಾಡ್ಲಾ?" ಎಂದೆ. ಒಂದು ಕೀರ್ತನೆ ಓದಿದೆ, ಆಮೆನ್ ಎಂದೆ, ಎಂಟನೇ ಹಾಸಿಗೆಗೆ ತಿರುಗಿದೆ.

ಹಿಂದಿನಿಂದ ಆತ ಕೂಗಿದರು. "ಆಯ್ತಾ ತಾಯಿ? ಟಿಕೆಟ್ ಹರಿದು ಕೊಟ್ಟಂಗಾಯ್ತು. ಮುಂದಿನವರು ಬನ್ನಿ ಅಂತ ಒಂದು ಕೂಗೂ ಹಾಕ್ಬಿಡಿ!"

ವಾರ್ಡೆಲ್ಲ ನಕ್ಕಿತು. ನನ್ನ ಹಳೆಯ ಕೆಲಸ ಏನೆಂದು ಆತನಿಗೆ ಗೊತ್ತಿರಲಿಲ್ಲ ಮಾವ. ನಾನೂ ನಕ್ಕೆ. ಆಮೇಲೆ ಗಾಲಿಕುರ್ಚಿಗಳನ್ನು ನಿಲ್ಲಿಸುವ ಮೂಲೆಗೆ ಹೋಗಿ, ಅವುಗಳಲ್ಲೊಂದರಲ್ಲಿ ಕೂತು ಅತ್ತೆ. ನಮ್ಮನ್ನು ನೋಡಿಕೊಳ್ಳುವ ಆಸ್ಪತ್ರೆಯ ಪಾದ್ರಿಗಳು ನನ್ನ ವರದಿಯಲ್ಲಿ ಎರಡೇ ಮಾತು ಬರೆದರು: 'ಬಾಯಿ ಚೆನ್ನಾಗಿದೆ. ಕಿವಿ ಇಲ್ಲ.'

ಪ್ರಾಂಶುಪಾಲರು ಕರೆದು ಕೂರಿಸಿಕೊಂಡರು. ಈಸ್ಟರ್ ರಜೆ ಮುಗಿಯುವವರೆಗೆ ಯೋಚಿಸು ಎಂದರು. "ವಾಪಸ್ ಹೋಗ್ತೀನಿ ಅಂದ್ರೂ ಯಾರೂ ನಿನ್ನನ್ನ ಕೀಳಾಗಿ ನೋಡಲ್ಲಮ್ಮ," ಎಂದರು. ಅವರು ಅಷ್ಟು ಮೃದುವಾಗಿ ಹೇಳದಿದ್ದರೆ ಚೆನ್ನಾಗಿತ್ತು.

ಮನೆಗೆ ಮರಳುವುದೊಂದೇ ನನ್ನನ್ನು ಇಲ್ಲಿ ಹಿಡಿದಿಟ್ಟಿತ್ತು. ಈಗ ಅದೂ ಇಲ್ಲವಾದರೆ ಇಲ್ಲೇಕೆ ಇರಬೇಕು? ಇದಕ್ಕೆ ಪ್ರಸಂಗ ಬೇಡ. ಉತ್ತರವಿದ್ದರೆ ಬರೆಯಿರಿ.

*

ಏಪ್ರಿಲ್ 2, 1995

ಬಟನ್,

ಉತ್ತರವಿಲ್ಲ. ಇರುವುದನ್ನು ಬರೆಯುತ್ತೇನೆ.

ಡಿಸೆಂಬರಿನಿಂದ ನಾನು ಶನಿವಾರದ ತರಗತಿಗೆ ಹೋಗುತ್ತಿದ್ದೇನೆ. ಬಿಡಿಭಾಗ ತರಲು ಪೇಟೆಗೆ ಹೋಗುತ್ತೇನೆಂದು ಎಲ್ಲರಿಗೂ ಹೇಳಿದ್ದೆ. ಮೊದಲ ಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಹನ್ನೊಂದು. ಆ ಹುಡುಗ ಮೇಷ್ಟ್ರು ನನ್ನ ಪತ್ರಿಕೆ ಹಿಡಿದುಕೊಂಡು ಹತ್ತಿರ ಬಂದು, "ಅಣ್ಣಾವ್ರೇ, ನೀವು ಯೆಶಾಯನದು ಅಂತ ಬರೆದಿದ್ದೀರಲ್ಲ, ಈ ವಾಕ್ಯ ಬೈಬಲಲ್ಲಿ ಎಲ್ಲೂ ಇಲ್ಲ," ಎಂದು ಮೆಲ್ಲಗೆ ಹೇಳಿದ. ಇಪ್ಪತ್ತೇಳು ವರ್ಷ ಅದರ ಮೇಲೆ ಪ್ರಸಂಗ ಮಾಡಿದ್ದೇನೆ! ನಮ್ಮಜ್ಜನ ಮಾತಿರಬೇಕು. ಅಜ್ಜ ಏನು ಹೇಳಿದರೂ ಪ್ರವಾದಿಯ ಧಾಟಿಯಲ್ಲೇ ಹೇಳುತ್ತಿದ್ದರು.

ಇನ್ನೊಂದು. ಟೈಪಿಸ್ಟಮ್ಮ ಹೋದ ದಿನ ನಾನು ಪಕ್ಕದಲ್ಲಿದ್ದೆ ಎಂದು ಎಲ್ಲರೂ ಹೊಗಳುತ್ತಾರೆ. ನಾನು ಅಲ್ಲಿ ಏನು ಮಾಡಿದೆ ಗೊತ್ತೆ? ಮಾತಾಡಿದೆ. ಬೆಳಿಗ್ಗೆ ಹತ್ತರಿಂದ ಒಂದೇ ಸಮನೆ ಓದಿದೆ, ಹಾಡಿದೆ, ಧೈರ್ಯ ಹೇಳಿದೆ. ಹೆದರಿಕೆ ಕಣೇ. ಸುಮ್ಮನಾದರೆ ಅವರ ಉಸಿರು ಕೇಳಿಸುತ್ತಿತ್ತು. ಕೊನೆಗೆ ಆಯಮ್ಮ ಕಣ್ಣು ತೆರೆದು, "ಸ್ವಲ್ಪ ಹೊತ್ತು ನಿಲ್ಸಿ," ಎಂದರು. ಇದನ್ನು ಯಾರಿಗೂ ಹೇಳಿಲ್ಲ. ಅವರ ಕಾಲು ಹಿಡಿದುಕೊಂಡು ಮಂಚದ ತುದಿಯಲ್ಲಿ ಕೂತಿದ್ದವಳು ನಿಮ್ಮಮ್ಮ. ಒಂದು ಮಾತಿಲ್ಲ. ಆಯಮ್ಮ ಸಾಯುವಾಗ ನೋಡುತ್ತಿದ್ದುದು ಅವಳನ್ನು.

ಬೇಡವೆಂದಿದ್ದೀಯ, ಹಾಗಾಗಿ ಪ್ರಸಂಗವಿಲ್ಲ. ಆದರೆ ಕಿವಿಯ ವಿಷಯಕ್ಕೆ ನೀನು ಬರೆಯಬೇಕಾದದ್ದು ನನಗಲ್ಲ, ನಿಮ್ಮಮ್ಮನಿಗೆ ಎಂದಷ್ಟೇ ಹೇಳಬಲ್ಲೆ. ನಿನ್ನ ಪತ್ರವನ್ನು ನಿಮ್ಮಮ್ಮನಿಗೆ ಪೂರ್ತಿ ಓದಿ ಹೇಳಿದೆ, ನನ್ನ ತಪ್ಪೂ ಸೇರಿಸಿ. ಅವಳು ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ಕೇಳಿದಳು. ಮಾರನೇ ದಿನ ಲಾಂಡ್ರಿಗೆ ರಜೆ ಬರೆದುಕೊಟ್ಟಳು. ಗುರುವಾರ ಹೊರಡುತ್ತಾಳೆ.

ಮಾವ

*

ಏಪ್ರಿಲ್ 12, 1995

ಮಾವ,

ಅಮ್ಮನನ್ನು ಇವತ್ತು ಬಸ್ಸು ಹತ್ತಿಸಿದೆ. ಆರು ದಿನ ಇದ್ದಳು. ನಾನು ಬುದ್ಧಿ ಹೇಳುತ್ತಾಳೆಂದು ಕಾದೆ. ಅವಳು ನನ್ನ ಪೆಟ್ಟಿಗೆಯಲ್ಲಿ ತುರುಕಿದ್ದ ಬಟ್ಟೆಗಳನ್ನು ತೆಗೆದು, "ಹೀಗಾ ಮಡಚೋದು?" ಎಂದು ಮತ್ತೆ ಮಡಚಿದಳು. ಮಡಚಿದ್ದನ್ನು ಪೆಟ್ಟಿಗೆಗೆ ಹಾಕಲಿಲ್ಲ, ಬೀರುವಿನಲ್ಲಿಟ್ಟಳು. ಅಷ್ಟೇ.

ಎರಡನೇ ದಿನ, "ಆ ವಾರ್ಡು ತೋರ್ಸು," ಎಂದಳು. ಲಾರಿ ಚಾಲಕರು ಇನ್ನೂ ಅಲ್ಲೇ ಇದ್ದರು. ನನ್ನನ್ನು ಕಂಡದ್ದೇ, "ಓ, ಟಿಕೆಟ್ ಬಂತು," ಎಂದರು. ಅಮ್ಮ ಅವರ ಮುಖ ನೋಡಲಿಲ್ಲ, ಹಾಸಿಗೆಯ ಬಟ್ಟೆ ನೋಡಿದಳು. ಬೆನ್ನ ಕೆಳಗೆ ಅದು ಸುಕ್ಕುಗಟ್ಟಿ ಗಂಟಾಗಿತ್ತು. "ಎಷ್ಟು ದಿನದಿಂದ ಹೀಗಿದೆ?" ಎಂದಳು. ಒಂದು ಕೈಯಿಂದ ಅವರ ಭುಜ ಎತ್ತಿ, ಇನ್ನೊಂದರಿಂದ ಎಳೆದು ಸರಿಮಾಡಿ, ಪಕ್ಕದ ಸ್ಟೂಲಿನ ಮೇಲೆ ಕೂತಳು. ನಾನು ನಿಂತೇ ಇದ್ದೆ.

ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ನನ್ನ ನಾಲಿಗೆ ಕಡಿಯುತ್ತಿತ್ತು. ಆಮೇಲೆ ಆತ ಚಾವಣಿ ನೋಡುತ್ತ ಶುರುಮಾಡಿದರು. "ಬ್ರೇಕು ನಂದೇ ತಪ್ಪಮ್ಮ. ಬೆಳಿಗ್ಗೆ ನೋಡ್ಕೋಬೇಕಿತ್ತು, ನೋಡ್ಲಿಲ್ಲ. ಪಕ್ಕದಲ್ಲಿ ನನ್ನ ತಮ್ಮ ಕೂತಿದ್ದ." ತಮ್ಮ ಉಳಿದಿರಲಿಲ್ಲ ಮಾವ. ಇಷ್ಟು ತಿಂಗಳು ಅವರು ಇದನ್ನು ಯಾರಿಗೂ ಹೇಳಿರಲಿಲ್ಲ. ಒಂದು ಗಂಟೆ ಹೇಳಿದರು. ಅಮ್ಮ ಒಂದು ಸಲ "ಹೂಂ" ಎಂದಳು, ಒಂದು ಸಲ ನೀರು ಕೊಟ್ಟಳು. ಹೊರಡುವಾಗ ಆತ ನನ್ನ ಕಡೆ ತಿರುಗಿ, "ಈಗ ಓದಮ್ಮ, ನಿನ್ನ ಕೀರ್ತನೆ," ಎಂದರು. ಓದಿದೆ. ಆವತ್ತು ಓದಿದ್ದೇ ಕೀರ್ತನೆ, ಆದರೆ ನನಗೇ ಮೊದಲ ಸಲ ಕೇಳಿಸಿತು.

ಉಳಿದ ದಿನಗಳಲ್ಲೂ ಹೋದೆವು. ನಿನ್ನೆ ಸ್ಟೂಲಿನ ಮೇಲೆ ಕೂತವಳು ನಾನು, ನಿಂತಿದ್ದವಳು ಅಮ್ಮ.

ಪ್ರಾಂಶುಪಾಲರಿಗೆ ಉಳಿಯುತ್ತೇನೆಂದು ಹೇಳಿದೆ. ಆಸ್ಪತ್ರೆ ಸೇವೆ ಮೊದಲಿನಿಂದ ಮಾಡಬೇಕು, ಮಾಡುತ್ತೇನೆ. ಬೇರೆ ಊರಿಗೆ ಹೋಗಬೇಕೆಂಬುದು ಇನ್ನೂ ನೋಯುತ್ತದೆ. ನಿಮ್ಮ ಮೇಲಿನ ಸಿಟ್ಟು ಪೂರ್ತಿ ಇಳಿದಿಲ್ಲ, ಸ್ವಲ್ಪ ಇಟ್ಟುಕೊಂಡಿರುತ್ತೇನೆ. ಆದರೆ ನೀವು ಆಗ ನಿಜ ಹೇಳಿದ್ದರೆ ನಾನು ಬರುತ್ತಿರಲಿಲ್ಲ ಎಂಬುದೂ ನಿಜವೇ. ಅದಕ್ಕೆ ನಿಮಗೆ ಕೃತಜ್ಞತೆ ಹೇಳಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ಹೇಳಿಬಿಡುತ್ತೇನೆ.

ಇನ್ನೊಂದು ವಿಷಯ. ಬಸ್ಸಿನ ಕಿಟಕಿಯಿಂದ ಅಮ್ಮ ಕೇಳಿದಳು: "ನಿನ್ನ ಮಾವ ಶನಿವಾರ ಹೋಗ್ತಾನಲ್ಲ, ಅಲ್ಲಿ ಹೆಂಗಸರನ್ನೂ ಸೇರಿಸ್ಕೊಳ್ತಾರಾ?" ನಾನು ಉತ್ತರ ಕೊಡುವಷ್ಟರಲ್ಲಿ ಬಸ್ಸು ಹೊರಟಿತು. ಉತ್ತರ ನೀವೇ ಕೊಡಿ.

ನಿಮ್ಮ ಬಟನ್

*

ಡಿಸೆಂಬರ್ 8, 1996

ಪ್ರೀತಿಯ ಬಟನ್,

ಪರೀಕ್ಷೆಯ ಫಲಿತಾಂಶ ಬಂತು. ನಮ್ಮ ಸಭೆ ಉಳಿಯಿತು. ಮುಚ್ಚುವುದಿಲ್ಲ, ಸೇರಿಸುವುದಿಲ್ಲ, ಪರವಾನಗಿ ಇರುವ ಮುಖಂಡರು ನಮ್ಮಲ್ಲೇ ಇದ್ದಾರೆ.

ಅದು ನಾನಲ್ಲ.

ಒಂದೂವರೆ ವರ್ಷ ನಿಮ್ಮಮ್ಮನೂ ನಾನೂ ಒಂದೇ ಬೆಂಚಿನಲ್ಲಿ ಕೂತು ಕಲಿತೆವು. ಬರವಣಿಗೆಯಲ್ಲಿ ಹೇಗೋ ದಡ ಸೇರಿದೆ. ಕೊನೆಯದು ಮನೆ ಭೇಟಿ. ಮೇಷ್ಟ್ರು ಮೂಲೆಯಲ್ಲಿ ಕೂತು ನೋಡುತ್ತಾರೆ. ನನಗೆ ಸಿಕ್ಕಿದ್ದು ಗಂಡನನ್ನು ಕಳೆದುಕೊಂಡ ಒಬ್ಬ ಪಿಟೀಲು ಟೀಚರ್. ಆಯಮ್ಮ ಬಾಯಿ ತೆರೆಯುವ ಮೊದಲೇ ನಾನು ತೆರೆದೆ. ಎಲ್ಲ ಗೊತ್ತಿದೆ ಬಟನ್, ನಿನಗೆ ನಾನೇ ಬರೆದವನು, ಆದರೂ ನಲವತ್ತು ನಿಮಿಷ! ಯಂತ್ರಕ್ಕೆ ಎಣ್ಣೆ ಹೆಚ್ಚಾದರೆ ಬಟ್ಟೆಯೆಲ್ಲ ಕಲೆ ಎಂದು ಗಿರಾಕಿಗಳಿಗೆ ದಿನಾ ಹೇಳುವವನು ನಾನೇ. ನಿಮ್ಮಮ್ಮ ಪಾಸಾದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು.

ಸಂತೋಷವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ, ನಿನಗೆ ಇನ್ನು ಸುಳ್ಳು ಬರೆಯುವುದಿಲ್ಲ. ಮೂರು ದಿನ ಅವಳ ಮನೆ ಕಡೆ ಹೋಗಲಿಲ್ಲ. ನಾಲ್ಕನೇ ದಿನ ಅವಳೇ ಅಂಗಡಿಗೆ ಬಂದಳು. ಕೌಂಟರಿನ ಆಚೆ ನಿಂತು, "ಅಣ್ಣ, ನಾನು ನಡೆಸ್ತೀನಿ. ಹಾಡು ಶುರು ಮಾಡೋಕೆ ನಂಗೆ ಬರಲ್ಲ. ನೀನು ಬರ್ಬೇಕು," ಎಂದಳು. ದಿನದ ಹತ್ತು ಮಾತನ್ನೂ ನನ್ನ ಮೇಲೇ ಖರ್ಚು ಮಾಡಿಬಿಟ್ಟಳು, ಹೋಗದೆ ಇರುವುದು ಹೇಗೆ?

ಹೋದೆ. ಅವಳ ಮೊದಲ ಪ್ರಸಂಗ ನಾಲ್ಕು ನಿಮಿಷ. ಯಾರೂ ಕೆಮ್ಮಲಿಲ್ಲ. ನನ್ನ ಪ್ರಸಂಗಕ್ಕೆ ಇಪ್ಪತ್ತೊಂಬತ್ತು ವರ್ಷದಿಂದ ನಿದ್ದೆ ಮಾಡುವ ಬೇಕರಿಯಣ್ಣ ಕಣ್ಣು ಬಿಟ್ಟುಕೊಂಡು ಕೂತಿದ್ದರು. ಆಮೇಲೆ ನಾನೇ ಎದ್ದು, ಬಿಷಪ್ಪರು ನನಗೆ ಹೇಳಿದ್ದನ್ನೂ ನಾನು ಮುಚ್ಚಿಟ್ಟಿದ್ದನ್ನೂ ಸಭೆಗೆ ಹೇಳಿದೆ. ಬೇಕರಿಯಣ್ಣ, "ಹಾಗಾದ್ರೆ ನಮ್ಮ ಹುಡುಗಿ ಯಾರಿಗೆ ಸಿಗ್ತಾಳೋ ಅವರು ಪುಣ್ಯವಂತರು ಬಿಡಿ," ಎಂದರು. ನನಗೆ ಬಯ್ಯುತ್ತಾರೆಂದು ಗಟ್ಟಿಮಾಡಿಕೊಂಡಿದ್ದೆ. ಅಷ್ಟು ಸುಲಭವಾಗಿ ಬಿಟ್ಟುಬಿಟ್ಟಾಗ ಹಾಡಿನ ಪುಸ್ತಕದಲ್ಲಿ ಮುಖ ಮುಚ್ಚಿಕೊಳ್ಳಬೇಕಾಯಿತು.

ನಿನ್ನ ಮಾವ

*

ಜುಲೈ 19, 1998

ಮಾವ, ಅಮ್ಮ,

ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನ ಡೀಕನ್ ಆಗಿ ಒಂದು ವರ್ಷ ಕಳೆದು, ಹೋದ ತಿಂಗಳು ಪಾದ್ರಿ ದೀಕ್ಷೆಯೂ ಆಯಿತು. ನಿಮ್ಮಿಬ್ಬರನ್ನು ಮುಂದಿನ ಸಾಲಿನಲ್ಲಿ ಕಂಡದ್ದು ಇನ್ನೂ ಕಣ್ಣಲ್ಲಿದೆ. ಬಂದರಿನ ಹಿಂದಿರುವ ಈ ಬಡಾವಣೆ ಯಾರಿಗೂ ಬೇಡವಾದ ಜಾಗ ಎಂದು ಬಿಷಪ್ಪರು ಹೇಳಿದ್ದು ನಿಜ. ಕಿಟಕಿ ತೆರೆದರೆ ಡೀಸೆಲ್ ವಾಸನೆ, ಮುಚ್ಚಿದರೆ ಸೆಕೆ. ಕ್ರೇನ್ ನಡೆಸುವವರು ಪಾಳಿ ಮುಗಿಸಿ ಹೆಲ್ಮೆಟ್ ಕೈಯಲ್ಲಿ ಹಿಡಿದು ಬರುತ್ತಾರೆ. ಹೆಂಗಸು ಪಾದ್ರಿ ಎಂದು ಮೊದಲು ಮುಖ ತಿರುಗಿಸಿದವರು ಈಗ ಜಗಳ ಬಿಡಿಸಲು ಕರೆಯುತ್ತಾರೆ.

ಬಿಷಪ್ಪರು ಒಂದು ಭಾನುವಾರ ಕೊಟ್ಟಿದ್ದಾರೆ. ಆಗಸ್ಟ್ 9. ಊರಿಗೆ ಬಂದು ಕರ್ತನ ಭೋಜನ ನಡೆಸುತ್ತೇನೆ. ಮಧ್ಯಾಹ್ನದ ಬಸ್ಸಿಗೆ ಮರಳಬೇಕು, ಇಲ್ಲಿ ಸೋಮವಾರ ಮದುವೆಯಿದೆ.

ನಿಮ್ಮ ಬಟನ್

*

ಆಗಸ್ಟ್ 11, 1998

ಪ್ರೀತಿಯ ಬಟನ್,

ಭಾನುವಾರ ಐವತ್ತೆಂಟು ಜನ. ಕುರ್ಚಿ ಸಾಲದೆ ನನ್ನ ಅಂಗಡಿಯ ಸ್ಟೂಲುಗಳನ್ನೂ ತಂದಿದ್ದರು. ನಿಮ್ಮಮ್ಮ ಪ್ರಾರ್ಥನೆ ನಡೆಸಿದಳು, ನೀನು ವೇದಿಯ ಮುಂದೆ ನಿಂತೆ, ನಾನು ಹಾಡು ಎತ್ತಿದೆ. ರೊಟ್ಟಿ ಕೊಡುತ್ತ ನೀನು ನನ್ನ ಹತ್ತಿರ ಬಂದೆ. ನಾನು ಆಮೆನ್ ಹೇಳುವುದನ್ನೇ ಮರೆತು ಪಕ್ಕದವರಿಂದ ತಿವಿಸಿಕೊಂಡೆ. ಹಾಡಿಗಾಗಿಯಾದರೂ ಯಾವಾಗಲೂ ಮುಂದೆಯೇ ಇದ್ದವನು ನಾನು, ಇಷ್ಟು ವರ್ಷ ಎಲ್ಲರೂ ಕೂರುವ ಕಡೆ ಕೂತು ನೋಡಿದ್ದೇ ಇರಲಿಲ್ಲ. ಅಲ್ಲಿಂದ ಕಾಣುವುದೇ ಬೇರೆ. ಮುಂದಿನವರ ಕತ್ತು, ಯಾರದೋ ಮಗುವಿನ ಕೈ, ಅದರಾಚೆ ನೀನು.

ಈ ಪತ್ರ ಬರೆಯಲು ಕೂತದ್ದು ಬಸ್ ನಿಲ್ದಾಣದಲ್ಲಿ ಆದದ್ದಕ್ಕೆ.

ಉಪದೇಶಿಗಳಿಗೆ ಒಂದು ನಿಯಮವಿದೆ, ನಿನಗೆ ಗೊತ್ತು. ಆರಾಧನೆಯ ಕೊನೆಯಲ್ಲಿ ದೇವರ ಕೃಪೆ 'ನಿಮ್ಮೊಂದಿಗಿರಲಿ' ಎಂದು ಜನರಿಗೆ ಆಶೀರ್ವಾದ ಕೊಡುವವರು ಪಾದ್ರಿಗಳು. ನಾವು 'ನಮ್ಮೊಂದಿಗಿರಲಿ' ಎಂದು ಎಲ್ಲರ ಜೊತೆ ಸೇರಿ ಬೇಡಿಕೊಳ್ಳಬೇಕು. ನಾನು ಇಷ್ಟು ವರ್ಷ 'ನಮ್ಮ' ಎಂದೇ ಹೇಳಿದವನು. ಒಮ್ಮೊಮ್ಮೆ ಬೇಸರವೂ ಆಗುತ್ತಿತ್ತು. ಭಾನುವಾರ ನೀನು ವೇದಿಯಿಂದ ಕೈಯೆತ್ತಿ 'ನಿಮ್ಮೊಂದಿಗಿರಲಿ' ಎಂದೆ. ಸರಿಯಾಗಿಯೇ ಹೇಳಿದೆ.

ಬಸ್ಸು ಹೊರಡುವಾಗ ನನಗೇನಾಯಿತೋ, "ನನ್ನ ತಲೆ ಮೇಲೂ ಒಂದ್ಸಲ ಕೈ ಇಡು," ಎಂದುಬಿಟ್ಟೆ. ನೀನು ಮೆಟ್ಟಿಲಿಂದ ಇಳಿದೆ. ಕಂಡಕ್ಟರ್, "ಹತ್ತಿ ಮೇಡಂ, ಟೈಮಾಯ್ತು, ಹತ್ತಿ!" ಎಂದು ಬಾಗಿಲು ಬಡಿಯುತ್ತಿದ್ದ. ನಾನು ಟೋಪಿ ತೆಗೆದೆ. ನೀನು ಒಂದು ಕೈ ನನ್ನ ತಲೆಯ ಮೇಲಿಟ್ಟೆ, ಇನ್ನೊಂದನ್ನು ನಿಮ್ಮಮ್ಮನ ಹೆಗಲಿಗೆ ಹಾಕಿದೆ. ಆಮೇಲೆ, "ನಮ್ಮೊಂದಿಗಿರಲಿ," ಎಂದೆ.

ಬಸ್ಸು ತಿರುವು ದಾಟುವವರೆಗೂ ನಾವಿಬ್ಬರೂ ಅಲ್ಲೇ ನಿಂತಿದ್ದೆವು. ನಿಮ್ಮಮ್ಮ, "ಪಾದ್ರಿ ತಪ್ಪು ಹೇಳಿದ್ಳಲ್ಲ?" ಎಂದಳು. ನಾನು, "ಹೂಂ," ಎಂದೆ. ಬೇರೇನೂ ಹೇಳಲಿಲ್ಲ. ನೋಡು, ನನಗೂ ಕಲಿಯಲು ಬರುತ್ತದೆ.

ನಿನ್ನ ಮಾವ